ಅಧ್ಯರ್ಬುದವೆಂಬ ಸಂಜ್ಞೆಯ ವಿಮರ್ಶೆ

ಶ್ವಾಸಕೋಶದಲ್ಲಿ ಹುಟ್ಟಿದ ಕ್ಯಾನ್ಸರ್ ವಿರಳವಾಗಿ ಸಣ್ಣ ಕರುಳಿಗೂ ಹಬ್ಬುವುದುಂಟು. ಹೀಗೆ ಒಂದೆಡೆ ಹುಟ್ಟಿ ಮತ್ತೊಂದೆಡೆ ನೆಲೆಗೊಂಡ ರೋಗವನ್ನು ಕೆಲವರು ‘ಅಧ್ಯರ್ಬುದ’ವೆಂದು ಕರೆಯುತ್ತಾರೆ, ಸುಶ್ರುತನೇ ಇದನ್ನು ಕಂಡಿದ್ದನೆಂದೂ ವಾದಿಸುತ್ತಾರೆ. ಈ ಸಂಜ್ಞೆಯ ಯುಕ್ತಾಯುಕ್ತತೆಯು ವಿಚಾರಾರ್ಹವಾಗಿದೆ.

ಸುಶ್ರುತಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ, ಮೊದಲು ಹುಟ್ಟಿದ ಅರ್ಬುದದ ಮೇಲೆ ಮತ್ತೊಂದು ಹುಟ್ಟಿದರೆ ಅದು ಅಧ್ಯರ್ಬುದವೆಂದೂ, ಏಕಕಾಲದಲ್ಲಾಗಲಿ ಕ್ರಮವಾಗಿಯಾಗಲಿ ಜೋಡಿಯಾಗಿ ಹುಟ್ಟಿದುದು ದ್ವಿರರ್ಬುದವೆಂದೂ, ಅದು ಅಸಾಧ್ಯವೆಂದೂ ಹೇಳಿದೆ. ಇಲ್ಲಿ ‘ಅಧಿ’ ಎಂಬುದು ಮೇಲಿರುವುದನ್ನು ಸೂಚಿಸುತ್ತದೆ. ‘ದ್ವಿಃ’ ಎಂಬುದು ಎಣಿಕೆಯನ್ನು. ಎರಡನೆಯದು ಮೊದಲನೆಯದರಿಂದಲೇ ಹೊರಟು ದೂರದ ಅವಯವವನ್ನು ಸೇರಿತೆಂಬ ಅರ್ಥವು ಇವುಗಳಲ್ಲಿ ಯಾವುದರಿಂದಲೂ ಹೊರಡದು.

ಇದು ಬರಿಯ ಶಬ್ದಕಲಹವೆಂದು ವಾಚಕರು ತಿಳಿಯಬಾರದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ಜನರು ‘ಹೊಟ್ಟ್ಯಾಗ ಗಡ್ಡಿ’ ಎನ್ನುತ್ತಾರೆ. ಗಡ್ಡೆ ಎಲ್ಲಿದೆಯೆಂಬುದು ಆ ಮಾತಿನಲ್ಲಿದೆ, ಎಲ್ಲಿಂದ ಬಂದಿತೆಂಬುದಿಲ್ಲ. ನಿದಾನದ ಕಷ್ಟವೂ ಇಲ್ಲಿಯೇ. ಹೊಟ್ಟೆನೋವು, ವಾಂತಿ, ಕಪ್ಪು ಮಲ, ರಕ್ತಹೀನತೆ ಇವು ಕರುಳಿನ ಅನೇಕ ರೋಗಗಳಿಗೆ ಸಮಾನ. ಒಮ್ಮೊಮ್ಮೆ ಎದೆಯ ರೋಗವು ಗೊತ್ತಾಗುವ ಮುನ್ನವೇ ಕರುಳು ಕಟ್ಟಿಕೊಳ್ಳುವುದು, ಇಲ್ಲವೆ ತೂತಾಗುವುದು. ಸಿ.ಟಿ. ಚಿತ್ರವು ಗಡ್ಡೆಯನ್ನು ತೋರಿಸಬಲ್ಲುದು. ಅದರ ಕುಲವನ್ನು ಹೇಳಲಾರದು. ಗಡ್ಡೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಜೀವಕೋಶಗಳ ಪ್ರೋಟೀನುಗಳನ್ನು ಪರೀಕ್ಷಿಸಬೇಕು. ಟಿಟಿಎಫ್-1 ಇದ್ದು ಸಿಡಿಎಕ್ಸ್2 ಇಲ್ಲದಿದ್ದರೆ ಮೂಲವು ಶ್ವಾಸಕೋಶವೆಂಬ ಊಹೆಗೆ ಬಲ ಬರುತ್ತದೆ. ಆದರೆ ಶ್ವಾಸಕೋಶದ ಕೆಲವು ಕ್ಯಾನ್ಸರುಗಳಲ್ಲಿ ಟಿಟಿಎಫ್-1 ಕಾಣದು. ಕೆಲವದರಲ್ಲಿ ಸಿಡಿಎಕ್ಸ್2 ಕಾಣುವುದೂ ಉಂಟು. ಆದಕಾರಣ ಎದೆಯ ಚಿತ್ರ, ರೋಗಿಯ ಪೂರ್ವವೃತ್ತಾಂತ, ಚೂರಿನ ಪರೀಕ್ಷೆ ಈ ಮೂರನ್ನೂ ಕೂಡಿಸಿಯೇ ನಿರ್ಣಯಿಸತಕ್ಕದ್ದು. ಪ್ರಕ್ಷಿಪ್ತ ಪದ್ಯವು ಯಾವ ಓಲೆಯಲ್ಲಿ ಸಿಕ್ಕಿತೋ ಆ ಗ್ರಂಥದ ಕವಿಯದೆಂದು ನಾವು ಒಪ್ಪುತ್ತೇವೆಯೆ?

ಮೂಲನಿರ್ಣಯದ ಫಲವು ಚಿಕಿತ್ಸೆಯಲ್ಲಿದೆ. ಕರುಳು ತೂತಾದರೆ ಶಸ್ತ್ರಕ್ರಿಯೆಗೆ ತಡಮಾಡುವಂತಿಲ್ಲ. ಆದರೆ ಅನಂತರದ ಔಷಧವನ್ನು ಶ್ವಾಸಕೋಶದ ರೋಗಕ್ಕೆ ತಕ್ಕಂತೆ ಆರಿಸಬೇಕು. ‘ಕರುಳಿನ ಕ್ಯಾನ್ಸರ್’ ಎಂದಷ್ಟೇ ಬರೆದ ಚೀಟಿಯು ರೋಗಿಯ ಮನೆಯವರನ್ನೂ, ಮುಂದೆ ಅದನ್ನು ಓದುವ ವೈದ್ಯನನ್ನೂ ದಾರಿತಪ್ಪಿಸೀತು.

ಹಾಗಾದರೆ ಯಾವ ಹೆಸರು ಯುಕ್ತ? ‘ಸಂಕ್ರಾಂತಾರ್ಬುದ’ವೆಂದರೆ ವ್ಯುತ್ಪತ್ತಿಯು ಸರಿ, ಆದರೆ ‘ಸಾಂಕ್ರಾಮಿಕ’ದ ನೆನಪಿನಿಂದ ಜನರು ಅದನ್ನು ಅಂಟುರೋಗವೆಂದು ಭ್ರಮಿಸಿ ರೋಗಿಯನ್ನು ದೂರವಿಟ್ಟಾರು. ‘ಶ್ವಾಸಕೋಶದಿಂದ ಬಂದ ಕರುಳಗಡ್ಡೆ’ ಎಂಬುದೇ ನಿರ್ದೋಷವೆಂದು ನಮ್ಮ ಅಭಿಮತ. ಹೊರಟ ನೆಲೆಯನ್ನು ಹೇಳುವುದು ಅಪಾದಾನದ ಕೆಲಸ. ‘ಅಧಿ’ಯಿಂದಾಗದುದನ್ನು ಕನ್ನಡದ ‘ಇಂದ’ವು ಮಾಡುತ್ತದೆ.

ಇದರಿಂದ ಸುಶ್ರುತನ ಹಿರಿಮೆಗೆ ಕುಂದಿಲ್ಲ. ಅರ್ಬುದವು ಇಮ್ಮಡಿಸಿದಾಗಿನ ಗಂಡಾಂತರವನ್ನು ಅವನು ಕಂಡು ಹೇಳಿದನು. ಹೇಳದುದನ್ನು ಅವನ ಬಾಯಲ್ಲಿ ಹೊಗಿಸುವುದು ಭಕ್ತಿಯಾದೀತು, ವ್ಯಾಖ್ಯಾನವಾಗದು.