ಲ್ಯಾಬಿನ ಬಾಗಿಲಿಗೆ ಅಂಟಿಸಿದ ನಗು

ನಮ್ಮ ಲ್ಯಾಬಿನ ಬಾಗಿಲ ಮೇಲೆ ಮೂರು ಕಾಗದ ಇದ್ದವು. ಒಂದು, ಲೇಸರ್ ಆನ್ ಆಗಿದ್ದಾಗ ಕನ್ನಡಕ ಹಾಕ್ಕೊಂಡೇ ಒಳಗೆ ಬನ್ನಿ ಅನ್ನೋ ಎಚ್ಚರಿಕೆ. ಇನ್ನೊಂದು, ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಅನ್ನೋ ನಕ್ಷೆ. ಮೂರನೆಯದು ಪಿಎಚ್‌ಡಿ ಕಾಮಿಕ್ಸಿನ ಒಂದು ಸ್ಟ್ರಿಪ್ಪು. ಮೊದಲೆರಡನ್ನ ಯಾರೂ ಓದ್ತಿರಲಿಲ್ಲ. ಮೂರನೆಯದನ್ನ ಎಲ್ಲರೂ ಓದಿ ನಗ್ತಿದ್ವಿ.

ಅಮೆರಿಕದಲ್ಲಿ ಎಂಎಸ್ಸೋ ಪಿಎಚ್‌ಡಿಯೋ ಮಾಡಿದವರಿಗೆ ಈ ಕಾಮಿಕ್ಸಿನ ಪರಿಚಯ ಮಾಡಿಕೊಡೋದೇ ಬೇಡ. ಉಳಿದವರಿಗಾಗಿ ಎರಡು ಮಾತು. ಇದನ್ನ ಬರೆದವರು ಪನಾಮಾ ದೇಶದಲ್ಲಿ ಹುಟ್ಟಿದ ಹೋರ್ಹೆ ಚಾಮ್. ಸ್ಟ್ಯಾನ್‌ಫರ್ಡ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದ್ತಾ, ರೋಬಾಟುಗಳ ಮೇಲೆ ಕೆಲಸ ಮಾಡ್ತಾ, 1997ರಲ್ಲಿ ಅಲ್ಲಿನ ವಿದ್ಯಾರ್ಥಿ ಪತ್ರಿಕೆಗೆ ಈ ಸ್ಟ್ರಿಪ್ಪುಗಳನ್ನ ಶುರು ಮಾಡಿದರು. ಪೂರ್ತಿ ಹೆಸರು ‘ಪೈಲ್ಡ್ ಹೈಯರ್ ಅಂಡ್ ಡೀಪರ್’. ಪಿಎಚ್‌ಡಿ ಅನ್ನೋ ಮೂರಕ್ಷರಕ್ಕೆ ಪೋಲಿ ಹುಡುಗರು ಕೊಟ್ಟ ಹಳೇ ವಿಸ್ತರಣೆ ಅದು. ತಿಪ್ಪೆ ಇನ್ನಷ್ಟು ಎತ್ತರ, ಇನ್ನಷ್ಟು ಆಳ ಅಂತ ಅರ್ಥ ಮಾಡ್ಕೊಳ್ಳಿ. 2011ರಲ್ಲಿ ಇದು ಸಿನಿಮಾನೂ ಆಯ್ತು. ಕಥಾನಾಯಕನಿಗೆ ಹೆಸರೇ ಇಲ್ಲ. ಜೊತೆಗೆ ಸಿಸಿಲಿಯಾ, ವರ್ಷಗಟ್ಟಲೆ ಮುಗಿಸದೇ ಕೂತಿರೋ ಮೈಕ್, ಮತ್ತು ಎಲ್ಲರ ನಿದ್ದೆ ಕೆಡಿಸೋ ಪ್ರೊಫೆಸರ್ ಸ್ಮಿತ್.

ಮೊದಲು ಮೆಚ್ಚುಗೆ ಹೇಳಿಬಿಡ್ತೀನಿ, ಯಾಕಂದ್ರೆ ಅದು ಸಲ್ಲಲೇಬೇಕಾದದ್ದು. ನಮ್ಮ ದಿನಚರಿಯನ್ನ ಇಷ್ಟು ಸರಿಯಾಗಿ ಹಿಡಿದ ಇನ್ನೊಂದನ್ನ ನಾನು ನೋಡಿಲ್ಲ. ಗೈಡಿಗೆ ನಾಲ್ಕು ಸಾಲಿನ ಇಮೇಲ್ ಬರೆಯೋಕೆ ವಿದ್ಯಾರ್ಥಿಗೆ ದಿನಗಟ್ಟಲೆ ಬೇಕು, ಗೈಡ್ ಉತ್ತರಿಸೋಕೆ ಒಂದು ಸೆಕೆಂಡು ಸಾಕು ಅನ್ನೋ ತಮಾಷೆ ಅದರಲ್ಲಿದೆ. ‘ಡಿಯರ್ ಪ್ರೊಫೆಸರ್’ ಅಂತ ಬರೆದು, ಅಳಿಸಿ, ‘ಹಾಯ್’ ಅಂತ ಬರೆದು, ಅದನ್ನೂ ಅಳಿಸಿ ಕೂತ ಸಂಜೆಗಳು ನನ್ನವೂ ಎಷ್ಟೋ ಇವೆ. ಪುಕ್ಕಟೆ ಊಟದ ಹಿಂದೆ ಓಡೋದು ಇನ್ನೊಂದು. ವಿಷಯ ಏನು ಅಂತ ನೋಡದೇ, ಪಿಜ್ಜಾ ಇದೆಯಾ ಅಂತ ಮಾತ್ರ ನೋಡಿ ಸೆಮಿನಾರಿಗೆ ಹೋಗಿದ್ದೀನಿ. ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ಪುಡಿ ಮುಗಿದ ತಿಂಗಳಲ್ಲಂತೂ ಕಾಂಕ್ರೀಟಿನ ಬಿರುಕುಗಳ ಬಗ್ಗೆಯೂ ನನಗೆ ಅಪಾರ ಆಸಕ್ತಿ ಹುಟ್ಟಿತ್ತು.

ನನಗೆ ಈ ಕಾಮಿಕ್ಸ್ ಅಷ್ಟು ಹತ್ತಿರ ಆಗೋಕೆ ಇನ್ನೊಂದು ಕಾರಣ ಇತ್ತು. ಸಂಶೋಧನೆ ಅಂದ್ರೆ ನನ್ನ ತಲೆಯಲ್ಲಿದ್ದದ್ದು ತೇಜಸ್ವಿಯವರ ‘ಕರ್ವಾಲೊ’. ಹೈಸ್ಕೂಲಲ್ಲಿ ಓದಿದ್ದು. ವಿಜ್ಞಾನಿ ಅಂದ್ರೆ ಕಾಡು ಸುತ್ತೋನು, ಹಾರುವ ಓತಿಯ ಬೆನ್ನು ಹತ್ತೋನು. ಅಲ್ಲಿ ಕ್ವಾಲಿಫೈಯಿಂಗ್ ಪರೀಕ್ಷೆ ಇಲ್ಲ, ಫಂಡಿಂಗ್ ಮುಗಿಯೋ ಭಯ ಇಲ್ಲ, ಸೋಮವಾರದ ಗ್ರೂಪ್ ಮೀಟಿಂಗ್ ಇಲ್ಲ. ನಾನು ಹೋಗಿ ಸೇರಿದ್ದು ಕಿಟಕಿಯಿಲ್ಲದ ನೆಲಮಾಳಿಗೆಗೆ. ಅಲ್ಲಿ ಓತಿ ಇರಲಿಲ್ಲ. ಪೈಪಿನೊಳಗೆ ಹರಿಯೋ ನೀರಿನ ವೇಗ ಅಳೆಯೋದು, ಮತ್ತೆ ಅಳೆಯೋದು, ಅಷ್ಟೇ. ಎಫ್-1 ವೀಸಾದವರು ಸೆಮಿಸ್ಟರ್ ನಡೀತಿರುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ ಸಂಬಳದ ಕೆಲಸ ಮಾಡಬಹುದು ಅಂತ ನಿಯಮ. ಕಾಗದದ ಮೇಲೆ ನಂದೂ 20 ಗಂಟೇನೇ. ಉಳಿದದ್ದು ‘ನಿನ್ನದೇ ಥೀಸಿಸ್ ಅಲ್ವಾ’ ಅನ್ನೋ ಲೆಕ್ಕಕ್ಕೆ. ಕರ್ವಾಲೊ ಓದಿ ಹೋದವನಿಗೆ ಇದು ನಿನ್ನೊಬ್ಬನ ಸೋಲಲ್ಲ ಕಣೋ, ಎಲ್ಲರದ್ದೂ ಹೀಗೇ ಅಂತ ಹೇಳಿದ್ದು ಹೋರ್ಹೆ ಚಾಮ್. ಆ ಋಣ ದೊಡ್ಡದು.

ಆದರೆ ತಕರಾರು ಶುರುವಾಗೋದೂ ಅಲ್ಲೇ. ‘ಎಲ್ಲರದ್ದೂ ಹೀಗೇ’ ಅನ್ನೋದು ಸಮಾಧಾನದ ಮಾತು. ಅದೇ ಮಾತು ಇನ್ನೊಬ್ಬರ ಬಾಯಿ ಮುಚ್ಚಿಸೋಕೂ ಬರತ್ತೆ.

ನಮ್ಮ ಲ್ಯಾಬಲ್ಲಿ ನನಗಿಂತ ಎರಡು ವರ್ಷ ಸೀನಿಯರ್ ಒಬ್ಬನಿದ್ದ. ಹೆಸರು ಬೇಡ, ತುಮಕೂರು ಅಂತಿಟ್ಟುಕೊಳ್ಳಿ. ನಾವು ಕರೀತಿದ್ದದ್ದೂ ಹಾಗೇ. ನಾಲ್ಕನೇ ವರ್ಷದಲ್ಲಿ ಅವನ ಪ್ರಾಜೆಕ್ಟಿನ ದುಡ್ಡು ಮುಗೀತು. ಗೈಡು ಬೇರೆ ವಿಷಯ ಕೊಟ್ಟರು. ಮೂರು ವರ್ಷದ ಡೇಟಾ ಹಾರ್ಡ್ ಡಿಸ್ಕಲ್ಲೇ ಉಳೀತು. ಹೊಸ ಪ್ರಾಜೆಕ್ಟಿಗೆ ದುಡ್ಡು ಬರೋವರೆಗೆ ಬಿಇ ಹುಡುಗರ ಉತ್ತರಪತ್ರಿಕೆ ತಿದ್ದೋ ಕೆಲಸ. ಯಾವಾಗ ಮುಗಿಯತ್ತೆ ಅನ್ನೋ ಪ್ರಶ್ನೆಗೆ ಬೆಚ್ಚಿಬೀಳೋ ವಿದ್ಯಾರ್ಥಿಯ ಸ್ಟ್ರಿಪ್ಪನ್ನ ಬಾಗಿಲಿಗೆ ಅಂಟಿಸಿದ್ದು ಅವನೇ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ವಿ. ‘ಸೂಪರ್ ಗುರೂ, ನಿಂದೇ ಕಥೆ’ ಅಂತ ನಾನೇ ಬೆನ್ನು ತಟ್ಟಿದ್ದೆ.

ಡಿಸೆಂಬರಲ್ಲಿ ಊರಿಗೆ ಹೋಗಿ ಬರ್ತೀನಿ ಅಂದ. ಹೋಗೋ ಹಿಂದಿನ ರಾತ್ರಿ ಅವನ ರೈಸ್ ಕುಕ್ಕರ್ ತಂದು ನನ್ನ ರೂಮಲ್ಲಿಟ್ಟ. ‘ಬಂದ ಮೇಲೆ ತಗೋತೀಯಾ ತಾನೆ?’ ಅಂದೆ. ‘ಇಟ್ಕೊಂಡಿರು ಗುರು’ ಅಂದ. ಮೂರು ವಾರದ ರಜೆಗೆ ಹೋಗೋನು ಕುಕ್ಕರ್ ಯಾಕೆ ಕೊಡ್ತಾನೆ ಅಂತ ನನಗೆ ಹೊಳೀಲೇ ಇಲ್ಲ. ಜನವರಿಯ ಮೊದಲ ಗ್ರೂಪ್ ಮೀಟಿಂಗಲ್ಲಿ ಗೈಡು ಹೇಳಿದರು: ಅವನು ಎಂಎಸ್ ತಗೊಂಡು ಹೊರಟುಹೋಗಿದ್ದಾನೆ, ಅವನಿಗೆ ಒಳ್ಳೇದಾಗಲಿ. ಅರ್ಧ ನಿಮಿಷ. ಆಮೇಲೆ ಮುಂದಿನ ಸ್ಲೈಡು.

ಕಾಮಿಕ್ಸಿನ ಬಗ್ಗೆ ನನ್ನ ತಕರಾರು ಇದು. ಸ್ಟ್ರಿಪ್ಪು ನಾಲ್ಕು ಚೌಕದಲ್ಲಿ ಮುಗಿಯತ್ತೆ, ಕೊನೆಯ ಚೌಕದಲ್ಲಿ ನಗು ಬರಲೇಬೇಕು. ಮುಂದಿನ ಸ್ಟ್ರಿಪ್ಪಿನಲ್ಲಿ ಎಲ್ಲರೂ ಮತ್ತೆ ಅದೇ ಕುರ್ಚಿಯಲ್ಲಿ, ಅದೇ ಕಾಫಿ ಲೋಟದ ಜೊತೆ. ಹಾಳಾದ ವರ್ಷ ಅಲ್ಲಿ ಲೆಕ್ಕಕ್ಕೆ ಸೇರಲ್ಲ. ನಮ್ಮ ವರ್ಷಗಳು ಹಾಗಲ್ಲವಲ್ಲ. ಇಲ್ಲಿ ಭಾನುವಾರ ಬೆಳಿಗ್ಗೆ, ಅಲ್ಲಿ ರಾತ್ರಿ ಫೋನು. ‘ಇನ್ನೂ ಎಷ್ಟು ವರ್ಷನೋ?’ ಅಂತ ಅಮ್ಮ ಕೇಳೋದು ಪ್ರೊಫೆಸರ್ ಸ್ಮಿತ್ ಕೇಳಿದ ಹಾಗಲ್ಲ. ಅಪ್ಪ ರಿಟೈರ್ ಆಗಿರ್ತಾರೆ, ತಂಗಿ ಮದುವೆ ಆಗಿಹೋಗಿರತ್ತೆ. ಓದು ಬಿಟ್ಟರೆ ಆ ದೇಶದಲ್ಲಿ ನಿಲ್ಲೋ ಆಧಾರವೇ ಅಲುಗಾಡತ್ತೆ. ಈ ಕಾಮಿಕ್ಸಿನಲ್ಲಿ ಹೆಚ್ಚಾಗಿ ಕಾಣೋದು ಎಳೆದಾಡ್ಕೊಂಡು ಉಳಿದವರೇ. ಕುಕ್ಕರ್ ಕೊಟ್ಟು ಹೋದವನ ಖಾಲಿ ಕುರ್ಚಿ ನನಗೆ ಅಲ್ಲಿ ಸಿಕ್ಕಿಲ್ಲ.

ಇದಕ್ಕೆ ಬರೆದವರನ್ನೇ ಪೂರ್ತಿ ದೂರೋದು ನ್ಯಾಯ ಅಲ್ಲ. ಚಾಮ್ ಬರೆದದ್ದು ತಮಾಷೆ, ಆ ಕೆಲಸವನ್ನ ಚೆನ್ನಾಗೇ ಮಾಡಿದ್ದಾರೆ. ತಪ್ಪು ಅದನ್ನ ಓದೋ ನಮ್ಮ ರೀತಿಯಲ್ಲೂ ಇತ್ತು. ‘ಕರ್ವಾಲೊ’ವನ್ನ ಈಚೆಗೆ ಮತ್ತೆ ಓದಿದೆ. ಈ ಸಲ ನನ್ನನ್ನ ಹಿಡಿದದ್ದು ಹಾರುವ ಓತಿ ಅಲ್ಲ, ಮಂದಣ್ಣ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಅವನಲ್ಲಿ ಒಬ್ಬ ಹುಟ್ಟು ಪ್ರಕೃತಿಶಾಸ್ತ್ರಜ್ಞನನ್ನ ಕರ್ವಾಲೊ ಕಾಣ್ತಾರೆ. ಎದುರಿಗಿರೋ ಮನುಷ್ಯನನ್ನ ಸರಿಯಾಗಿ ನೋಡೋದೂ ಸಂಶೋಧನೆಯ ಭಾಗ ಅನ್ನೋದು ಆ ಪುಸ್ತಕದಲ್ಲೇ ಇತ್ತು. ನಾನು ಹೈಸ್ಕೂಲಲ್ಲಿ ಓತಿ ನೋಡ್ತಾ ಅದನ್ನ ದಾಟಿಬಿಟ್ಟಿದ್ದೆ. ಲ್ಯಾಬಲ್ಲಿ ನೀರಿನ ವೇಗವನ್ನ ಮಿಲಿಮೀಟರ್ ಲೆಕ್ಕದಲ್ಲಿ ಅಳೀತಿದ್ದೆ, ಪಕ್ಕದ ಕುರ್ಚಿಯವನು ಊಟ ಬಿಟ್ಟದ್ದು ಕಾಣಿಸಿರಲಿಲ್ಲ.

ಈಗ ನಾನೂ ಬೆಂಗಳೂರಲ್ಲಿ, ನಿಮ್ಮ ಹಾಗೇ ಬೆಳಿಗ್ಗೆ ಕ್ಯಾಬ್ ಹತ್ತೋನು. ಕಾಮಿಕ್ಸಿನ ಜಾಗಕ್ಕೆ ಮ್ಯಾನೇಜರ್ ಮೇಲಿನ ಜೋಕುಗಳು ಬಂದಿವೆ. ಟೀಮಿನ ಗ್ರೂಪಲ್ಲಿ ಸೋಮವಾರ ಬೆಳಿಗ್ಗೆ ಯಾರೋ ಒಂದನ್ನ ಹಾಕ್ತಾರೆ, ಹತ್ತು ಜನ ನಗುಮುಖ ಒತ್ತುತ್ತಾರೆ. ನಾನೂ ಒತ್ತುತ್ತೀನಿ. ಆದರೆ ಒಬ್ಬರೇ ಮೇಲಿಂದ ಮೇಲೆ ಹಾಕ್ತಿದ್ದರೆ ಈಗ ಎದ್ದು ಹೋಗಿ ಕಾಫಿಗೆ ಕರೀತೀನಿ. ಬಹಳ ಸಲ ಏನೂ ಇರಲ್ಲ, ಬರೀ ತಮಾಷೆ. ಒಂದೆರಡು ಸಲ ಇತ್ತು.

ತುಮಕೂರು ಹೋದ ವರ್ಷ ಸಿಕ್ಕಿದ್ದ. ಪೀಣ್ಯದಲ್ಲಿ ಒಂದು ಪಂಪ್ ತಯಾರಿಸೋ ಕಂಪನಿಯಲ್ಲಿದ್ದಾನೆ, ಆರಾಮಾಗಿದ್ದಾನೆ. ಮೂರು ವರ್ಷ ಕಲಿತ ವಿದ್ಯೆ ಅಲ್ಲಿ ಉಪಯೋಗಕ್ಕೂ ಬಂದಿದೆ. ಅಂಜುತ್ತಲೇ ಕೇಳಿದೆ, ಆ ಸ್ಟ್ರಿಪ್ಪು ಅಂಟಿಸಿದಾಗ ನಮಗೆ ಏನಾದ್ರೂ ಹೇಳಬೇಕು ಅಂತ ಇತ್ತಾ ಅಂತ.

‘ಇತ್ತು ಗುರು. ನೀವೆಲ್ಲ ನಕ್ರಿ. ಆಮೇಲೆ ನಾನೂ ನಕ್ಕೆ.’

ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ, ‘ಕುಕ್ಕರ್ ಇನ್ನೂ ಇದೆಯಾ?’

ಇದೆ ಅಂದೆ. ನಾನು ಬರುವಾಗ ಅದನ್ನ ಜೂನಿಯರ್ ಒಬ್ಬನಿಗೆ ಕೊಟ್ಟು ಬಂದೆ. ಕೊಡೋವಾಗ ಇದರ ಕಥೆಯನ್ನೂ ಹೇಳಿದ್ದೆ.