‘ಸ್ಕೋಲಿಯೊಡಾನ್’ ಎಂಬ ಹೆಸರೂ ಹೆಣ್ಣು ಶಾರ್ಕಿನ ಅಂಗರಚನೆಯೂ: ಒಂದು ವಿಮರ್ಶೆ

ಇತಿಹಾಸದ ಅಧ್ಯಾಪಕರು ಮೀನಿನ ಅಂಗರಚನೆಯ ಗ್ರಂಥಗಳನ್ನು ವಿಮರ್ಶಿಸಹೊರಡುವುದು ಕೆಲವರಿಗೆ ಅಧಿಕಪ್ರಸಂಗವಾಗಿ ಕಂಡೀತು. ಆದರೆ ಆಧಾರಗಳನ್ನು ಪರಿಶೋಧಿಸುವ ನಿಯಮವು ಎಲ್ಲ ಶಾಸ್ತ್ರಗಳಿಗೂ ಒಂದೇ. ‘ಗಣಭಾಷ್ಯ ರತ್ನಮಾಲೆ’ಯ ಗುಬ್ಬಿಯ ಮಲ್ಲಣನನ್ನೂ, 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನು ರಚಿಸಿದ ಗುಬ್ಬಿಯ ಮಲ್ಲಣಾರ್ಯನನ್ನೂ ಬೇರ್ಪಡಿಸದೆ ಕಾಲನಿರ್ಣಯಕ್ಕೆ ತೊಡಗುವವನಿಗೆ ಒದಗುವ ತೊಡಕೇ ಶಾರ್ಕುಗಳನ್ನು ಹೋಲಿಸುವವನಿಗೂ ಒದಗುತ್ತದೆ.

ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಕೆರೆಗಳಲ್ಲಿರುವುವು ಮೂಳೆಮೀನುಗಳು. ಮೃದ್ವಸ್ಥಿ ಮೀನಾದ ಶಾರ್ಕನ್ನು ಇಲ್ಲಿಯ ವಿದ್ಯಾರ್ಥಿಯು ಬಹುಮಟ್ಟಿಗೆ ಪುಸ್ತಕದಿಂದಲೇ ಅರಿಯಬೇಕು. 1928ರಲ್ಲಿ ಪ್ರಕಟವಾದ ಇ. ಎಂ. ತಿಲ್ಲಯಂಪಲಂ ಅವರ ‘ಸ್ಕೋಲಿಯೊಡಾನ್’ ಗ್ರಂಥವು ಆ ಹೆಸರನ್ನು ಭಾರತದ ತರಗತಿಗಳಲ್ಲಿ ನೆಲೆಗೊಳಿಸಿತು. 1940ರಲ್ಲಿ ಜಿ. ಮಹದೇವನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಕೆಲವು ಭಾರತೀಯ ಮೃದ್ವಸ್ಥಿ ಮೀನುಗಳ ಗರ್ಭಾಶಯ ಮತ್ತು ಜರಾಯುಗಳನ್ನು ವರ್ಣಿಸಿದರು. ಇವು ಶ್ಲಾಘ್ಯವಾದ ಕಾರ್ಯಗಳೆಂಬುದು ನಿರ್ವಿವಾದ. ಆದರೆ ಆ ಕಾಲದಲ್ಲಿ ‘ಸ್ಕೋಲಿಯೊಡಾನ್’ ಎಂಬ ಒಂದೇ ಹೆಸರಿನಡಿ ಹಲವು ಪ್ರಭೇದಗಳು ಅಡಗಿದ್ದುವು. 1964ರಲ್ಲಿ ವಿಕ್ಟರ್ ಸ್ಪ್ರಿಂಗರ್ ಅವರು ಈ ಕುಲವನ್ನು ಪರಿಷ್ಕರಿಸಿ, ರೈಜೋಪ್ರಿಯೊನೊಡಾನ್ ಕುಲವನ್ನು ಅದರಿಂದ ಸ್ಪಷ್ಟವಾಗಿ ಬೇರ್ಪಡಿಸಿದರು. ಹಳೆಯ ಗ್ರಂಥಗಳ ‘ಸೊರ್ರಕೋವ’ವು ಇಂದಿನ ಸ್ಕೋಲಿಯೊಡಾನ್ ಲ್ಯಾಟಿಕಾಡಸ್, ‘ವಾಲ್ಬೀಮಿ’ಯಾದರೋ ರೈಜೋಪ್ರಿಯೊನೊಡಾನ್ ಅಕ್ಯೂಟಸ್.

ಇದು ಬರಿಯ ಹೆಸರಿನ ವ್ಯಾಜ್ಯವಲ್ಲ. ಎರಡೂ ಮರಿಹಾಕುವ ಮೀನುಗಳು. ಎರಡರಲ್ಲಿಯೂ ಹೊಕ್ಕುಳಬಳ್ಳಿಯುಂಟು, ಜರಾಯುವುಂಟು. ಆದರೂ ಲ್ಯಾಟಿಕಾಡಸ್‌ನ ಅಂಡವು ಸುಮಾರು 1 ಮಿಲಿಮೀಟರಿನಷ್ಟು ಕಿರಿದು. ಅದರಲ್ಲಿ ಭಂಡಾರವು ಇಲ್ಲವೆಂಬಷ್ಟು ಅಲ್ಪ. ಆದುದರಿಂದ ಭ್ರೂಣವು ಬಹು ಮೊದಲೇ ಗರ್ಭಾಶಯದ ಭಿತ್ತಿಯನ್ನು ಆಶ್ರಯಿಸಿ ತಾಯಿಯಿಂದ ಪೋಷಣೆ ಪಡೆಯುತ್ತದೆ. ಅಕ್ಯೂಟಸ್‌ನ ಅಂಡವು ಭಂಡಾರಸಮೃದ್ಧವಾದುದು. ಭ್ರೂಣವು ಮೊದಲು ಅದನ್ನುಂಡು ಬೆಳೆಯುತ್ತದೆ. ಬರಿದಾದ ಭಂಡಾರಚೀಲವು ಅನಂತರ ಗರ್ಭಾಶಯಕ್ಕೆ ಅಂಟಿ ಜರಾಯುವಾಗುತ್ತದೆ. ಒಂದರ ಅಂಡವನ್ನೂ ಇನ್ನೊಂದರ ಜರಾಯುವನ್ನೂ ಒಂದೇ ಹೆಸರಿನಡಿ ಜೋಡಿಸಿದಲ್ಲಿ, ಯಾವ ಕಡಲಿನಲ್ಲಿಯೂ ಇಲ್ಲದ ಮೀನೊಂದು ಪುಟದ ಮೇಲೆ ಹುಟ್ಟುತ್ತದೆ.

2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪ್ರಾಣಿಚ್ಛೇದನವನ್ನು ಪ್ರಾಣಿಶಾಸ್ತ್ರದ ಪಾಠಕ್ರಮದಿಂದ ಕೈಬಿಡುವಂತೆ ವಿಧಿಸಿತು. ಪುಸ್ತಕದ ದೋಷವನ್ನು ಕತ್ತರಿಯ ಮೊನೆಯಲ್ಲಿ ತಿದ್ದಿಕೊಳ್ಳುವ ಅವಕಾಶವು ವಿದ್ಯಾರ್ಥಿಗೆ ಅಂದಿನಿಂದ ಇಲ್ಲವಾಯಿತು. ಆದಕಾರಣ, 1964ಕ್ಕೆ ಹಿಂದಿನ ವರ್ಣನೆಗಳನ್ನು ಉದಾಹರಿಸುವವರು ಕುಲನಾಮವೊಂದನ್ನೇ ನೆಚ್ಚದೆ, ಪ್ರಭೇದನಾಮವನ್ನೂ ಚಿತ್ರವನ್ನೂ ಅಂಡದ ಅಳತೆಯನ್ನೂ ತಾಳೆನೋಡಿ, ಇಂದಿನ ಹೆಸರನ್ನು ಪಕ್ಕದಲ್ಲಿ ಬರೆಯತಕ್ಕದ್ದೆಂದು ನಮ್ಮ ಅಭಿಪ್ರಾಯ. ಹೆಸರು ನಿರ್ಣಯವಾದ ಮೇಲೆ ಹೋಲಿಕೆ. ಶಾಸನಕ್ಕಾಗಲಿ ಶಾರ್ಕಿಗಾಗಲಿ ಕ್ರಮವಿದೇ.