ಜೊತೆಗೆ ನಡೆಯುವವರ ಸಂಬಳ

ಬಡ ದೇಶವೊಂದರ ಆಸ್ಪತ್ರೆಯಲ್ಲಿ ಕೆಲವು ತಿಂಗಳಾದರೂ ಸೇವೆ ಮಾಡಿ ಬರಬೇಕು ಎನ್ನುವ ವಿದ್ಯಾರ್ಥಿಗಳಿಗೆ ನಾನು ಕೊಡಬಯಸುವ ಪುಸ್ತಕ ಟ್ರೇಸಿ ಕಿಡ್ಡರ್ ಅವರ ‘ಮೌಂಟನ್ಸ್ ಬಿಯಾಂಡ್ ಮೌಂಟನ್ಸ್’ (2003). ಕೊಡುವಾಗ ಒಂದು ತಕರಾರನ್ನೂ ಹೇಳಬೇಕಾಗುತ್ತದೆ: ಅದು ಹೊಗಳುವುದು ಒಂದನ್ನು, ಸಾಬೀತು ಮಾಡುವುದು ಇನ್ನೊಂದನ್ನು.

1983ರಲ್ಲಿ ಸ್ವಯಂಸೇವಕರಾಗಿ ಹೈಟಿಗೆ ಹೋದ ಅಮೆರಿಕದ ಪಾಲ್ ಫಾರ್ಮರ್, ಮುಂದೆ ವೈದ್ಯರಾಗಿ, ಕಾಂಜ್ ಎಂಬ ಊರಿನಲ್ಲಿ ಗೆಳೆಯರೊಂದಿಗೆ ಆಸ್ಪತ್ರೆ ಕಟ್ಟಿದ ಕಥೆ ಇದು. ಕಿಡ್ಡರ್ ಬಡತನವನ್ನು ಹಣೆಬರಹವೆಂದು ಬರೆಯುವುದಿಲ್ಲ. ಅದು ಇವರ ದೊಡ್ಡ ಗುಣ. ಕಾಂಜ್‌ನವರು ಹಿಂದೆ ಕೆಳಗಿನ ಕಣಿವೆಯಲ್ಲಿ ಉತ್ತು ಬಿತ್ತಿ ಬದುಕಿದವರು. 1956ರಲ್ಲಿ ಪೆಲಿಗ್ರ್ ಅಣೆಕಟ್ಟು ಮುಗಿದಾಗ ಹೊಲಗಳು ನೀರಿನಡಿ ಹೋದವು, ಜನ ಬರಡು ಗುಡ್ಡ ಹತ್ತಿದರು. ನಾ. ಡಿಸೋಜರ ‘ಮುಳುಗಡೆ’ ಓದಿದವರಿಗೆ ಈ ಜನ ಅಪರಿಚಿತರಲ್ಲ. ದೇಶದ ಬಡತನದ ಬೇರು ಇನ್ನೂ ಹಿಂದಿನದು. ಗುಲಾಮರು ದಂಗೆಯೆದ್ದು ಗಳಿಸಿದ ಸ್ವಾತಂತ್ರ್ಯವನ್ನು ಒಪ್ಪಿಕೊಳ್ಳಲು ಫ್ರಾನ್ಸ್ 1825ರಲ್ಲಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತ್ತು.

ಈಗ ತಕರಾರು. ಕಿಡ್ಡರ್ ಅವರ ಕಣ್ಣು ಫಾರ್ಮರ್ ಅವರನ್ನು ಬಿಟ್ಟು ಕದಲುವುದಿಲ್ಲ. ರೋಗಿಯೊಬ್ಬರ ಮನೆಗೆ ವೈದ್ಯರು ಗಂಟೆಗಟ್ಟಲೆ ಬೆಟ್ಟ ಹತ್ತಿ ಇಳಿಯುತ್ತಾರೆ, ಲೇಖಕರು ಏದುಸಿರು ಬಿಡುತ್ತ ಹಿಂದೆ ನಡೆಯುತ್ತಾರೆ. ಓದುಗರಿಗೆ ಒಬ್ಬ ಸಂತ ಸಿಗುತ್ತಾರೆ. ಆದರೆ ಅದೇ ಪುಸ್ತಕದಲ್ಲಿ ಕ್ಷಯರೋಗದ ಅಧ್ಯಯನವೊಂದರ ವಿವರವಿದೆ. ಒಂದು ಗುಂಪಿಗೆ ಉಚಿತ ಔಷಧಿ ಮಾತ್ರ. ಇನ್ನೊಂದಕ್ಕೆ ಔಷಧಿಯ ಜೊತೆಗೆ ಊಟಕ್ಕೆ, ಓಡಾಟಕ್ಕೆಂದು ತಿಂಗಳಿಗೆ ಸುಮಾರು 5 ಡಾಲರ್, ಮನೆಗೇ ಬಂದು ವಿಚಾರಿಸುವ ಕಾರ್ಯಕರ್ತರು. ಮೊದಲ ಗುಂಪಿನಲ್ಲಿ ಗುಣವಾದವರು ಶೇ. 48, ಎರಡನೆಯದರಲ್ಲಿ ಎಲ್ಲರೂ.

ಈ ಕಾರ್ಯಕರ್ತರನ್ನು ಅಲ್ಲಿ ‘ಜೊತೆಗೆ ನಡೆಯುವವರು’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಅವರು ಅದೇ ಊರುಗಳವರು, ಸಂಬಳ ಪಡೆಯುವವರು. ರೋಗಿ ಮಾತ್ರೆ ನುಂಗುವುದನ್ನು ಕಣ್ಣಾರೆ ನೋಡಲು ದಿನವೂ ಗುಡ್ಡ ಹತ್ತುವವರು ಇವರೇ. ಫಾರ್ಮರ್ ಅವರ ಒಂದು ನಡಿಗೆಗೆ ಪುಟಗಟ್ಟಲೆ ಸಿಕ್ಕಿದೆ. ಇವರ ನಿತ್ಯದ ನಡಿಗೆಗೆ ಸಿಕ್ಕಿದ್ದು ಕಡಿಮೆ.

ಇದು ಬರವಣಿಗೆಯ ಕೊರತೆ ಮಾತ್ರವಲ್ಲ. ಸಂಬಳ ಬೇಡವೆನ್ನಲು ಮನೆಯಲ್ಲಿ ಅನ್ನವಿರಬೇಕು. ಬಡ ದೇಶದಲ್ಲಿ ಸೇವೆಯನ್ನು ತ್ಯಾಗವೆಂದಷ್ಟೇ ಬಣ್ಣಿಸಿದರೆ, ಅಲ್ಲಿನ ಬಡವರೂ ಬಿಟ್ಟಿ ದುಡಿಯಲಿ ಎಂಬ ನಿರೀಕ್ಷೆ ಸಲೀಸಾಗಿ ಹುಟ್ಟುತ್ತದೆ. ನಮ್ಮ ಆಶಾ ಕಾರ್ಯಕರ್ತೆಯರೂ ಸರ್ಕಾರಿ ಕಡತದಲ್ಲಿ ಸ್ವಯಂಸೇವಕಿಯರೇ. ವೇತನದ ಬದಲು ಗೌರವಧನ ಪಡೆಯುವ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಗುತ್ತದೆ.

ಫಾರ್ಮರ್ 2022ರಲ್ಲಿ ರುವಾಂಡಾದಲ್ಲಿ ತೀರಿಕೊಂಡರು. ಅವರು ಗೆಳೆಯರೊಂದಿಗೆ ಕಟ್ಟಿದ ಸಂಸ್ಥೆ ಹೈಟಿಯಲ್ಲಿ ನಡೆಯುತ್ತಲೇ ಇದೆ, ನಡೆಸುವವರಲ್ಲಿ ಬಹುಪಾಲು ಹೈಟಿಯವರೇ. ಪುಸ್ತಕವನ್ನು ಓದುವಾಗ ಅವರನ್ನು ಹುಡುಕುತ್ತ ಓದಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.